ಸೆಕೆಂಡ್ ಹ್ಯಾಂಡ್ ಜೀಪ್ ಕೊಳ್ತೀರಾ? ಬಾನೆಟ್ ಎತ್ತುವ ಮೊದಲು ಅಡಿ ನೋಡಿ, ಆರ್‌ಸಿ ನೋಡಿ

ಮಡಿಕೇರಿ: ಮಳೆಗಾಲ ಮುಗಿದು ರಸ್ತೆಯ ಕೆಸರು ಒಣಗುತ್ತಿದ್ದಂತೆ ಕೊಡಗಿನ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಹಳೇ ಜೀಪುಗಳ ಫೋಟೊ ಓಡಾಡಲು ಶುರುವಾಗುತ್ತದೆ. ‘ತೋಟದ ಗಾಡಿ, ಸಿಂಗಲ್ ಓನರ್, ಫೋರ್ ಬೈ ಫೋರ್ ವರ್ಕಿಂಗ್, ಕಂಡೀಷನ್ ಸೂಪರ್’ ಎಂಬ ನಾಲ್ಕು ಮಾತು, ಕೆಳಗೊಂದು ಫೋನ್ ನಂಬರ್. ವಾರವಿಡೀ ಗಲ್ಲಾಪೆಟ್ಟಿಗೆ ಮುಂದೆ ಕೂತು, ಭಾನುವಾರ ಮಧ್ಯಾಹ್ನ ಷಟರ್ ಎಳೆದು ಮನೆಯವರನ್ನು ಕರೆದುಕೊಂಡು ಎಲ್ಲಿಗಾದರೂ ಹೋಗಬೇಕು ಅನ್ನುವವರಿಗೆ ಅಷ್ಟು ಸಾಕು, ಮನಸ್ಸು ಜಾರುತ್ತದೆ.

ಜಾರಲಿ, ತಪ್ಪೇನಿಲ್ಲ. ಆದರೆ ಮಾಮೂಲಿ ಹಳೇ ಕಾರು ಕೊಳ್ಳುವುದಕ್ಕೂ ಹಳೇ ಫೋರ್ ವೀಲ್ ಗಾಡಿ ಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಕಾರು ಓಡಿದ ಕಿಲೋಮೀಟರ್ ನೋಡಿದರೆ ಅದರ ಆಯಸ್ಸು ಹೆಚ್ಚು ಕಮ್ಮಿ ಗೊತ್ತಾಗುತ್ತದೆ. ಜೀಪಿನಲ್ಲಿ ಹಾಗಲ್ಲ. ಎಷ್ಟು ಓಡಿದೆ ಅನ್ನುವುದಕ್ಕಿಂತ ಎಲ್ಲಿ ಓಡಿದೆ, ಯಾರ ಕೈಯಲ್ಲಿ ಓಡಿದೆ ಅನ್ನುವುದೇ ಮುಖ್ಯ. ಇನ್ನೊಂದು, ಜೀಪುಗಳಷ್ಟು ಬದಲಾವಣೆ ಕಂಡ ಗಾಡಿ ಬೇರೆ ಇಲ್ಲ. ಎಂಜಿನ್ ಒಂದರದ್ದು, ಬಾಡಿ ಇನ್ನೊಂದರದ್ದು, ಆರ್‌ಸಿ ಮತ್ತೊಂದರದ್ದು ಆಗಿರುವುದೂ ಉಂಟು. ಕೈ ಸುಟ್ಟುಕೊಳ್ಳುವವರು ಸಾಮಾನ್ಯವಾಗಿ ಈ ಎರಡು ಕಡೆಯೇ ಸುಟ್ಟುಕೊಳ್ಳುವುದು: ಗಾಡಿಯ ಅಡಿಯಲ್ಲಿ ಮತ್ತು ದಾಖಲೆಯಲ್ಲಿ.

ನಿಜವಾಗಿ ಬೇಕಾ?

ಮೊದಲ ಪ್ರಶ್ನೆ ಇದೇ. ಅಬ್ಬಿ ಜಲಪಾತ, ಭಾಗಮಂಡಲ, ತಲಕಾವೇರಿ, ದುಬಾರೆ, ಇರ್ಪು, ಮಲ್ಲಳ್ಳಿ ಜಲಪಾತದ ಕಡೆಗೆ ಹೋಗಲು ಫೋರ್ ಬೈ ಫೋರ್ ಬೇಕಿಲ್ಲ. ಟೈರ್ ಚೆನ್ನಾಗಿರುವ, ನೆಲದಿಂದ ಸ್ವಲ್ಪ ಎತ್ತರವಿರುವ ಯಾವ ಕಾರಾದರೂ ಹೋಗುತ್ತದೆ. ಫೋರ್ ಬೈ ಫೋರ್ ಬೇಕಾಗುವುದು ತೋಟದೊಳಗಿನ ಏರು ರಸ್ತೆಗೆ, ಮಳೆಗಾಲದಲ್ಲಿ ಮನೆಯಿಂದ ಡಾಂಬರು ರಸ್ತೆ ಮುಟ್ಟುವ ಕೆಸರು ದಾರಿಗೆ, ಕೋಟೆಬೆಟ್ಟ, ಮಂಡಲಪಟ್ಟಿಯಂಥ ಕಲ್ಲು ಎದ್ದ ದಾರಿಗೆ. ಯೋಗರಾಜ್ ಭಟ್ಟರ 2008ರ ‘ಗಾಳಿಪಟ’ ಚಿತ್ರದ ನಂತರ ಮುಗಿಲುಪೇಟೆ ಎಂದೇ ಹೆಸರಾದ ಮಂಡಲಪಟ್ಟಿಗೆ ವರ್ಷಕ್ಕೊಮ್ಮೆ ಹೋಗುವ ಆಸೆ ಇದ್ದರೆ ಬಾಡಿಗೆ ಜೀಪು ಹತ್ತುವುದೇ ಲಾಭ. ಒಂದು ಸಲದ ಬಾಡಿಗೆಯಲ್ಲಿ ಸ್ವಂತ ಜೀಪಿನ ಒಂದು ಟೈರು ಕೂಡ ಬರುವುದಿಲ್ಲ.

ಫೋರ್ ಬೈ ಫೋರ್ ಏನು ಮಾಡುವುದಿಲ್ಲ ಅನ್ನುವುದೂ ತಿಳಿದಿರಲಿ. ಅದು ಗಾಡಿಯನ್ನು ಮುಂದಕ್ಕೆ ಎಳೆಯುತ್ತದೆ, ನಿಲ್ಲಿಸುವುದಿಲ್ಲ. ಸಂಪಾಜೆ ಘಾಟಿಯ ಒದ್ದೆ ಇಳಿಜಾರಿನಲ್ಲಿ ಬ್ರೇಕು, ಟೈರು ಎರಡೇ ದಿಕ್ಕು. ಮೊದಲ ತಲೆಮಾರಿನ ಥಾರ್‌ಗಳಲ್ಲಿ ಬಹುಪಾಲು, ಹಳೇ ಜಿಪ್ಸಿ, ಹಳೇ ಮಹೀಂದ್ರಾ ಜೀಪುಗಳಲ್ಲಿ ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಹಿಂದೆ ಎದುರುಬದುರು ಬೆಂಚ್ ಸೀಟು, ಬೆಲ್ಟ್ ಇಲ್ಲ. ಮಕ್ಕಳನ್ನು ಕೂರಿಸಿಕೊಂಡು ಮೈಸೂರಿಗೂ ಇದೇ ಗಾಡಿ ಅಂತ ಲೆಕ್ಕ ಹಾಕಿದ್ದರೆ ಹೊಸ ತಲೆಮಾರಿನದ್ದೇ ನೋಡಬೇಕು. ಇನ್ನು ಭೂಕುಸಿತದ ಮುಂದೆ ಎಷ್ಟು ವೀಲ್ ತಿರುಗಿದರೂ ಅಷ್ಟೇ. 2018ರ ಆಗಸ್ಟ್‌ನಲ್ಲಿ ಮಡಿಕೇರಿ-ಸಂಪಾಜೆ ರಸ್ತೆಯೇ ಕುಸಿದಾಗ ಜೀಪು ಇದ್ದವರೂ ಸುತ್ತು ಹಾಕಿಯೇ ಹೋಗಬೇಕಾಯಿತು.

ಕಾಡಿನ ಮಾತೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಮೂರೂ ವನ್ಯಜೀವಿ ಧಾಮಗಳು. ನಾಗರಹೊಳೆ ರಾಷ್ಟ್ರೀಯ ಉದ್ಯಾನ. ಇಲ್ಲಿ ಅನುಮತಿ ಇಲ್ಲದೆ ದಾರಿ ಬಿಟ್ಟು ಗಾಡಿ ಇಳಿಸಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೇಸು, ಗಾಡಿಯೂ ಜಪ್ತಿಯಾಗಬಹುದು. ಹುಲ್ಲುಗಾವಲಿನ ಮೇಲೆ ಒಮ್ಮೆ ಬಿದ್ದ ಚಕ್ರದ ಗುರುತು ಮುಂದಿನ ಮಳೆಗೆ ಚರಂಡಿಯಾಗುತ್ತದೆ. ಸ್ವಂತ ತೋಟ, ನೆಂಟರ ತೋಟ, ಕೊಯ್ಲಾದ ಗದ್ದೆ ಇದ್ದರೆ ಅದಕ್ಕಿಂತ ಒಳ್ಳೆ ಜಾಗ ಬೇಕಿಲ್ಲ.

ಥಾರ್ ಅಂದರೆಲ್ಲ ಫೋರ್ ಬೈ ಫೋರ್ ಅಲ್ಲ

ಇಷ್ಟಾದ ಮೇಲೂ ಬೇಕು ಅನ್ನಿಸಿದರೆ ಯಾವ ಗಾಡಿ ಅನ್ನುವ ಪ್ರಶ್ನೆ. ಇಲ್ಲಿ ಮೊದಲ ಮೋಸ ಹೆಸರಿನಲ್ಲೇ ಇದೆ. 2010ರಲ್ಲಿ ಬಂದ ಹಳೇ ಥಾರ್‌ನಲ್ಲಿ ಎರಡು ಬಗೆ. ಸಿಆರ್‌ಡಿಇ ಎಂಜಿನ್ನಿನದ್ದು 105 ಅಶ್ವಶಕ್ತಿ, ಅದು ಫೋರ್ ಬೈ ಫೋರ್. ಡಿಐ ಎಂಜಿನ್ನಿನದ್ದು 63 ಅಶ್ವಶಕ್ತಿ, ಅದರಲ್ಲಿ ಟೂ ವೀಲ್ ಡ್ರೈವ್ ಕೂಡ ಇತ್ತು. ಹೊರಗಿಂದ ನೋಡಿದರೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಂದ ಹೊಸ ಥಾರ್ ಮೊದಲೆರಡು ವರ್ಷ ಫೋರ್ ಬೈ ಫೋರ್ ಮಾತ್ರ ಇತ್ತು. 2023ರ ಜನವರಿಯಿಂದ ಹಿಂದಿನ ಚಕ್ರ ಮಾತ್ರ ಎಳೆಯುವ ಮಾದರಿಯೂ ಬಂತು. ಅದರ ಡೀಸೆಲ್ ಎಂಜಿನ್ 1.5 ಲೀಟರ್. ಐದು ಬಾಗಿಲಿನ ರಾಕ್ಸ್‌ನಲ್ಲಿ ಪೆಟ್ರೋಲ್ ಎಂದರೆ ಫೋರ್ ಬೈ ಫೋರ್ ಅಲ್ಲ, ಡೀಸೆಲ್‌ನಲ್ಲಿ ಮಾತ್ರ ಆ ಆಯ್ಕೆ. ಹಾಗಾಗಿ ಗೇರ್ ಲಿವರ್ ಪಕ್ಕದಲ್ಲಿ ಎರಡನೇ ಸಣ್ಣ ಲಿವರ್ ಇದೆಯಾ ನೋಡಿ, ಆಮೇಲೆ ಬೆಲೆ ಮಾತಾಡಿ.

ಮಾರುತಿ ಜಿಮ್ನಿಯಲ್ಲಿ ಈ ತಲೆನೋವಿಲ್ಲ. 2023ರ ಜೂನ್‌ನಲ್ಲಿ ಬಂದ ಈ ಗಾಡಿಯ ಎಲ್ಲ ಮಾದರಿಯೂ ಫೋರ್ ಬೈ ಫೋರ್, ಲೋ ಗೇರ್ ಸಹಿತ. ಕಿರಿದು, ಹಗುರ, ತೋಟದ ಎರಡು ಸಿಲ್ವರ್ ಓಕ್ ಮರಗಳ ನಡುವಿನ ದಾರಿಗೆ ಹೇಳಿ ಮಾಡಿಸಿದ ಅಳತೆ. ಪೆಟ್ರೋಲ್ ಮಾತ್ರ ಅನ್ನುವುದು ಒಂದು, ಡಿಕ್ಕಿ ಚಿಕ್ಕದು ಅನ್ನುವುದು ಇನ್ನೊಂದು. ಭಾನುವಾರದ ತಿರುಗಾಟಕ್ಕೆ, ಗಂಡ-ಹೆಂಡತಿ, ಇಬ್ಬರು ಮಕ್ಕಳ ಸಂಸಾರಕ್ಕೆ ಇದನ್ನೇ ಮೊದಲು ನೋಡುವುದು ಒಳ್ಳೆಯದು.

ಅದರ ಅಣ್ಣ ಜಿಪ್ಸಿ 1985ರಿಂದ ಇರುವ ಗಾಡಿ. ಸೇನೆ, ಪೊಲೀಸ್, ಅರಣ್ಯ ಇಲಾಖೆ ಎಲ್ಲರೂ ದುಡಿಸಿದ್ದಾರೆ. ಹಗುರವಾಗಿರುವುದರಿಂದ ಕೆಸರಿನಲ್ಲಿ ಹೂತುಹೋಗುವುದು ಕಡಿಮೆ. ಆದರೆ ಲೀಫ್ ಪಟ್ಟಾ ಗಟ್ಟಿ, ಹಿಂದೆ ಕೂತವರ ಸೊಂಟಕ್ಕೆ ಪರೀಕ್ಷೆ. ಚೆನ್ನಾಗಿಟ್ಟ ಜಿಪ್ಸಿಗೆ ಮಾಲೀಕರು ಹೇಳುವ ಬೆಲೆ ಕೇಳಿದರೆ ಹಳೇ ಗಾಡಿ ಅನ್ನಿಸುವುದೇ ಇಲ್ಲ.

ಕೊಡಗಿನ ತೋಟಗಳಲ್ಲಿ ಇಂದಿಗೂ ಉಸಿರಾಡುತ್ತಿರುವುದು ಮಹೀಂದ್ರಾದ ಹಳೇ ಸಂತಾನ: ಎಂಎಂ 540, ಎಂಎಂ 550, ಮೇಜರ್, ಕ್ಲಾಸಿಕ್, ಕಮಾಂಡರ್. ಮಹೀಂದ್ರಾ ಕಂಪನಿ ವಿಲ್ಲೀಸ್ ಜೀಪು ಜೋಡಿಸಲು ಶುರು ಮಾಡಿದ್ದು 1947ರಲ್ಲಿ. ಆ ವಂಶದ ಗಾಡಿಗಳು ಇವು. ರಿಪೇರಿ ಗೊತ್ತಿರುವ ಮೆಕ್ಯಾನಿಕ್ ಪ್ರತಿ ಪೇಟೆಯಲ್ಲೂ ಸಿಗುತ್ತಾರೆ. ಆದರೆ ಇವುಗಳನ್ನು ಕೊಳ್ಳುವವರು ವಾರದ ಒಂದು ದಿನ ತಿರುಗಾಟಕ್ಕೆ, ಇನ್ನೊಂದು ದಿನ ಗ್ಯಾರೇಜಿಗೆ ಅಂತ ಮೊದಲೇ ಎತ್ತಿಡಬೇಕು. ಫೋರ್ಸ್ ಗೂರ್ಖಾದಲ್ಲಿ ಮುಂದೆ ಹಿಂದೆ ಎರಡೂ ಆಕ್ಸಲ್‌ಗೆ ಲಾಕ್ ಇದೆ, ಕೆಸರಿನಲ್ಲಿ ಅದಕ್ಕೆ ಸಾಟಿ ಕಡಿಮೆ. ದೊಡ್ಡ ಗಾಡಿ, ಸರ್ವಿಸ್ ಎಲ್ಲಿ ಸಿಗುತ್ತದೆ ಅಂತ ಮೊದಲೇ ವಿಚಾರಿಸಿಕೊಳ್ಳಿ. ಟಾಟಾ ಸಫಾರಿ, ಸ್ಕಾರ್ಪಿಯೊ, ಇಸುಜು ವಿ-ಕ್ರಾಸ್, ಫಾರ್ಚುನರ್‌ಗಳಲ್ಲೂ ಫೋರ್ ಬೈ ಫೋರ್ ಸಿಗುತ್ತವೆ, ಆದರೆ ಎಲ್ಲದರಲ್ಲೂ ಟೂ ವೀಲ್ ಮಾದರಿಯೂ ಇವೆ ಅಥವಾ ಇದ್ದವು. ರೆನೋ ಡಸ್ಟರ್ ಎಡಬ್ಲ್ಯುಡಿ ನಾಲ್ಕೂ ಚಕ್ರ ಎಳೆಯುತ್ತದೆ, ಲೋ ಗೇರ್ ಇಲ್ಲ. ಕೆಸರು ರಸ್ತೆಗೆ ಸಾಕು, ಕಡಿದಾದ ಕಲ್ಲು ದಾರಿಗೆ ಸಾಲದು.

ಅಡಿಯಲ್ಲಿ ಮಲಗಿ ನೋಡಿ

ಗಾಡಿ ನೋಡಲು ಹೋಗುವಾಗ ಹಳೇ ಬಟ್ಟೆ ಹಾಕಿಕೊಂಡು, ಟಾರ್ಚು, ಒಂದು ಸಣ್ಣ ಸ್ಕ್ರೂಡ್ರೈವರ್ ಹಿಡಿದುಕೊಂಡು ಹೋಗಿ. ಪೇಂಟು, ಸೀಟ್ ಕವರು, ಮ್ಯೂಸಿಕ್ ಸಿಸ್ಟಮ್ ನೋಡುವುದು ಆಮೇಲೆ. ಮೊದಲು ನೆಲದ ಮೇಲೆ ಮಲಗಿ ಚಾಸಿ ನೋಡಿ.

ಕೊಡಗಿನ ಗಾಡಿಗೆ ಮೊದಲ ಶತ್ರು ತುಕ್ಕು. ವರ್ಷದಲ್ಲಿ ನಾಲ್ಕು ತಿಂಗಳು ಒದ್ದೆ, ಉಳಿದ ದಿನ ತೋಟದ ನೆರಳು. ಕೆಸರು ಹಿಡಿದ ಗಾಡಿ ಸರಿಯಾಗಿ ಒಣಗುವುದೇ ಇಲ್ಲ. ಇದರ ಮೇಲೆ ಗೊಬ್ಬರದ ಮೂಟೆ. ಪೊಟ್ಯಾಷ್, ಯೂರಿಯಾ ಸಾಗಿಸಿದ ಜೀಪಿನ ಹಿಂಬದಿ ತಗಡನ್ನು ಆ ಉಪ್ಪು ಒಳಗಿಂದಲೇ ತಿಂದು ಹಾಕುತ್ತದೆ. ಮ್ಯಾಟ್ ಎತ್ತಿ ತಗಡು ನೋಡಿ. ಬಾಡಿಯನ್ನು ಚಾಸಿಗೆ ಕಚ್ಚಿಸುವ ಬೋಲ್ಟಿನ ಜಾಗ, ಪಟ್ಟಾ ಕೂರುವ ಬ್ರಾಕೆಟ್, ಹಿಂದಿನ ಕ್ರಾಸ್ ಮೆಂಬರ್ ಇವುಗಳ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಗಟ್ಟಿ ಇದ್ದರೆ ಟಣ್ ಅನ್ನುತ್ತದೆ, ಒಳಗೆ ಕರಗಿದ್ದರೆ ಡಬ್ ಅನ್ನುತ್ತದೆ. ಬಾಗಿಲಿನ ತುಕ್ಕು ಟಿಂಕರಿಂಗ್ ಮಾಡಿದರೆ ಹೋಗುತ್ತದೆ. ಚಾಸಿಯ ತುಕ್ಕು ಹೋಗುವುದಿಲ್ಲ. ಅಡಿಗೆಲ್ಲ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆದಿದ್ದರೆ ಸಂತೋಷ ಪಡುವ ಮೊದಲು ಯಾಕೆ ಹೊಡೆದರು ಅಂತ ಕೇಳಿ. ಮಂಗಳೂರು, ಕಣ್ಣೂರು ಕಡೆಯ ಗಾಡಿಯಾದರೆ ಕಡಲ ಗಾಳಿಯ ತುಕ್ಕು ಬೇರೆ.

ಚಾಸಿಯಲ್ಲಿ ವೆಲ್ಡಿಂಗ್ ಗುರುತು ಕಂಡರೆ ಇನ್ನೂ ಎಚ್ಚರ. ಚಾಸಿ ನಂಬರ್ ಕೊರೆದ ಜಾಗದ ಆಸುಪಾಸಿನಲ್ಲಿ ವೆಲ್ಡಿಂಗ್, ಗ್ರೈಂಡಿಂಗ್, ಹೊಸ ಪೇಂಟ್ ಏನೇ ಕಂಡರೂ ಅಲ್ಲಿಂದಲೇ ವಾಪಸ್ ಬನ್ನಿ. ಕಡಿಮೆ ಬೆಲೆಗೆ ಕೊಡ್ತೀವಿ ಅಂದರೂ ಬೇಡ.

ಮುಂದಿನದು ಎಣ್ಣೆ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಅಂತ ಸಾಮಾನ್ಯವಾಗಿ ನಾಲ್ಕು ಕಡೆ ಎಣ್ಣೆ ಇರುತ್ತದೆ. ಮೆಕ್ಯಾನಿಕ್ ಹತ್ತಿರ ಪ್ಲಗ್ ಬಿಚ್ಚಿಸಿ ಬೆರಳಿಟ್ಟು ನೋಡಿ. ಕಪ್ಪಗಿದ್ದರೆ ಹಳೇ ಎಣ್ಣೆ, ಬದಲಿಸಿದರೆ ಆಯಿತು. ಹಾಲು ಹಾಕಿದ ಕಾಫಿಯ ಬಣ್ಣ ಇದ್ದರೆ ನೀರು ಹೋಗಿದೆ: ಹೊಳೆ ದಾಟಿಸಿದ ಗಾಡಿ, ಆಮೇಲೆ ಎಣ್ಣೆ ಬದಲಿಸಿಲ್ಲ. ಬೇರಿಂಗ್, ಗೇರು ಸವೆದಿರುವ ಸಾಧ್ಯತೆ ಹೆಚ್ಚು. ಬೆರಳಿಗೆ ಲೋಹದ ಪುಡಿ ಹತ್ತಿದರೆ ಸಾಧ್ಯತೆಯ ಮಾತೇ ಇಲ್ಲ, ಸವೆದಿದೆ.

ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ. ಕ್ರಾಸ್ ಸವೆದಿದ್ದರೆ ಟಕ್ ಟಕ್ ಆಟ ಕಾಣುತ್ತದೆ. ಮುಂದಿನ ಚಕ್ರವನ್ನು ಜಾಕ್ ಮೇಲೆತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಬೇರಿಂಗ್, ಕಿಂಗ್ ಪಿನ್ ಕಥೆ ಹೇಳುತ್ತವೆ. ಜಿಪ್ಸಿ, ಹಳೇ ಜೀಪುಗಳ ಮುಂದಿನ ಚಕ್ರದ ಒಳಬದಿಯ ಉಂಡೆ ಭಾಗದಿಂದ ಗ್ರೀಸು ಎಣ್ಣೆ ಸೋರಿ ಧೂಳು ಮೆತ್ತಿಕೊಂಡಿದ್ದರೆ ಸೀಲು ಹೋಗಿದೆ ಅಂತ. ಒಂದೊಂದೂ ಸಣ್ಣ ಕೆಲಸವೇ. ನಾಲ್ಕೈದು ಸೇರಿದರೆ ಸಣ್ಣದಲ್ಲ. ಗಾಡಿಗೆ ಕೊಟ್ಟ ಹಣದ ಐದನೇ ಒಂದು ಭಾಗವನ್ನು ಟೈರು, ಬ್ಯಾಟರಿ, ಎಣ್ಣೆ, ಬುಷ್, ಸೀಲುಗಳಿಗೆ ಮೊದಲೇ ಎತ್ತಿಟ್ಟುಕೊಂಡರೆ ಆಮೇಲೆ ಮನೆಯಲ್ಲಿ ಮಾತು ಕೇಳಬೇಕಾಗುವುದಿಲ್ಲ.

‘ತೋಟದ ಗಾಡಿ, ಬರೀ ನಲವತ್ತು ಸಾವಿರ ಕಿಲೋಮೀಟರ್’ ಅನ್ನುವುದನ್ನು ಕೇಳಿದ ಕೂಡಲೇ ಖುಷಿಯಾಗಬೇಡಿ. ಲೋ ಗೇರಿನಲ್ಲಿ, ಭಾರ ಹೊತ್ತು, ಗಂಟೆಗೆ ಎಂಟು-ಹತ್ತು ಕಿಲೋಮೀಟರ್ ವೇಗದಲ್ಲಿ ಹತ್ತು ವರ್ಷ ಓಡಿದ ನಲವತ್ತು ಸಾವಿರ ಅದು. ಹೆದ್ದಾರಿಯಲ್ಲಿ ಓಡಿದ ಒಂದು ಲಕ್ಷಕ್ಕಿಂತ ಎಂಜಿನ್ನಿಗೆ, ಕ್ಲಚ್ಚಿಗೆ ಅದೇ ಹೆಚ್ಚು ಶ್ರಮ. ಹಾಗಂತ ತೋಟದ ಗಾಡಿ ಎಲ್ಲವೂ ಕೆಟ್ಟದ್ದಲ್ಲ. ಒಬ್ಬರೇ ಡ್ರೈವರ್ ಹತ್ತಾರು ವರ್ಷ ಓಡಿಸಿದ್ದು, ಎಣ್ಣೆ ಬದಲಿಸಿದ ಬಿಲ್ಲುಗಳನ್ನು ಡ್ಯಾಶ್‌ಬೋರ್ಡಿನಲ್ಲೇ ಸುತ್ತಿಟ್ಟಿದ್ದು ಸಿಕ್ಕರೆ ಬಿಡಬೇಡಿ. ಪ್ರವಾಸಿಗರನ್ನು ಹತ್ತಿಸಿಕೊಂಡು ದಿನಕ್ಕೆ ಮೂರು ನಾಲ್ಕು ಟ್ರಿಪ್ ಬೆಟ್ಟ ಹತ್ತಿಳಿದ ಗಾಡಿ, ಗದ್ದೆಯಲ್ಲಿ ರೇಸ್ ಆಡಿದ ಗಾಡಿ ಇವೆರಡನ್ನು ಗುರುತು ಹಚ್ಚುವುದು ಕಷ್ಟವಲ್ಲ: ಅಡಿಯ ಗಾರ್ಡ್ ತಗ್ಗಿರುತ್ತದೆ, ಟೈ ರಾಡ್ ಬಗ್ಗಿರುತ್ತದೆ, ಪಟ್ಟಾ ಬದಲಾಗಿರುತ್ತದೆ. ಅಂಥದ್ದಕ್ಕೆ ಬೆಲೆ ಅದರಂತೆಯೇ ಇರಲಿ.

ನೆರೆ ನೀರಿನಲ್ಲಿ ಮುಳುಗಿದ ಗಾಡಿಗಳ ವಿಷಯವನ್ನೂ ಮರೆಯುವಂತಿಲ್ಲ. 2018, 2019ರಲ್ಲಿ ಕುಶಾಲನಗರದ ಕಾವೇರಿ ದಂಡೆಯ ಬಡಾವಣೆಗಳಿಗೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ. 2018ರಲ್ಲಿ ಕೇರಳದಲ್ಲಂತೂ ಲೆಕ್ಕವಿಲ್ಲದಷ್ಟು ಗಾಡಿ ಮುಳುಗಿದವು. ಸೀಟ್ ಬೆಲ್ಟನ್ನು ಪೂರ್ತಿ ಕೊನೆಯವರೆಗೆ ಎಳೆದು ನೋಡಿ, ಕೆಸರಿನ ಕಲೆ ಅಲ್ಲಿ ಉಳಿದಿರುತ್ತದೆ. ಸೀಟಿನ ಅಡಿಯ ಹಳಿ, ಬೋಲ್ಟು, ವೈರಿಂಗ್ ಜಾಯಿಂಟುಗಳ ತುಕ್ಕು, ಬೂಸಲು ವಾಸನೆ ಸುಳ್ಳು ಹೇಳುವುದಿಲ್ಲ. ಎಲೆಕ್ಟ್ರಾನಿಕ್ಸ್ ಹೆಚ್ಚಿರುವ ಹೊಸ ಗಾಡಿಗೆ ಇದು ಹಳೇ ಜೀಪಿಗಿಂತ ದೊಡ್ಡ ಪೆಟ್ಟು.

ಫೋರ್ ವೀಲ್ ಹಾಕಿ ನೋಡುವುದು ಹೇಗೆ

ಮಾರುವವರು ಡಾಂಬರಿನ ಮೇಲೆ ಲಿವರ್ ಎಳೆದು ‘ನೋಡಿ, ಬಿತ್ತು’ ಅನ್ನುತ್ತಾರೆ. ಅದು ಪರೀಕ್ಷೆಯಲ್ಲ. ಥಾರ್, ಜಿಪ್ಸಿ, ಜಿಮ್ನಿಯಂಥ ಗಾಡಿಗಳಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಹಿಂದಿನ ಶಾಫ್ಟ್ ಒಂದಕ್ಕೊಂದು ಬಿಗಿಯಾಗಿ ಕಚ್ಚಿಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ, ಹಿಂದಿನದು ಕಡಿಮೆ ದೂರ ಓಡಬೇಕು. ಕೆಸರು, ಜಲ್ಲಿಯ ಮೇಲಾದರೆ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನ ಮೇಲೆ ಜಾರಲು ಜಾಗವಿಲ್ಲ. ಗೇರುಗಳೇ ತಿರುಚಿಕೊಳ್ಳುತ್ತವೆ, ಲಿವರ್ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ಗಾಡಿಯನ್ನು ಕೆಸರಿಗೋ ಜಲ್ಲಿ ಹಾಕಿದ ಜಾಗಕ್ಕೋ ಒಯ್ದೇ ನೋಡಬೇಕು. ಲೋ ಗೇರ್ ಹಾಕಿ ಫಸ್ಟ್‌ನಲ್ಲಿ ಕಡಿದಾದ ಏರು ಹತ್ತಿಸಿ. ಒಬ್ಬರು ಹೊರಗೆ ನಿಂತು ಮುಂದಿನ ಚಕ್ರವೂ ಮಣ್ಣು ಕೀಳುತ್ತಿದೆಯಾ ನೋಡಲಿ. ಇಳಿಯುವಾಗ ಬ್ರೇಕ್ ತುಳಿಯದೆ ಬಿಟ್ಟು ನೋಡಿ, ಗೇರ್ ಹಾರಿ ಹೊರಬಂದರೆ ಟ್ರಾನ್ಸ್‌ಫರ್ ಕೇಸ್ ಸವೆದಿದೆ ಎಂದರ್ಥ.

ಹಳೇ ಜೀಪು, ಕೆಲವು ಜಿಪ್ಸಿಗಳಲ್ಲಿ ಮುಂದಿನ ಚಕ್ರದ ನಡುವೆ ಕೈಯಲ್ಲಿ ತಿರುಗಿಸುವ ಫ್ರೀ ವೀಲ್ ಹಬ್ ಇರುತ್ತದೆ. ಅದು ಲಾಕ್ ಆಗದಿದ್ದರೆ ಒಳಗೆ ಲಿವರ್ ಬಿದ್ದರೂ ಮುಂದಿನ ಚಕ್ರ ಎಳೆಯುವುದಿಲ್ಲ. ಹಬ್ ತುಕ್ಕು ಹಿಡಿದು ಒಂದೇ ಕಡೆ ಕಚ್ಚಿಕೊಂಡಿರುವುದು ಮಾಮೂಲು. ಇನ್ನೊಂದು ವಿಷಯ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ ಅಂದಮಾತ್ರಕ್ಕೆ ನಾಲ್ಕೂ ಹಿಡಿಯುತ್ತವೆ ಅಂತಲ್ಲ. ಸಾದಾ ಡಿಫರೆನ್ಷಿಯಲ್‌ನಲ್ಲಿ ಶಕ್ತಿ ಸುಲಭದ ದಾರಿ ಹುಡುಕುತ್ತದೆ. ಗಾಳಿಯಲ್ಲಿರುವ ಚಕ್ರವೇ ತಿರುಗುತ್ತಾ ಕೂರುತ್ತದೆ. ಮುಂದಿನ ಒಂದು, ಹಿಂದಿನ ಒಂದು ಚಕ್ರ ಎದ್ದರೆ ಫೋರ್ ಬೈ ಫೋರ್ ಕೂಡ ನಿಂತುಬಿಡುತ್ತದೆ. ಲಾಕರ್ ಇರುವ ಗಾಡಿಗೆ ಹೆಚ್ಚು ಬೆಲೆ ಯಾಕೆ ಅನ್ನುವುದಕ್ಕೆ ಉತ್ತರ ಇದೇ.

ಆರ್‌ಸಿ ಮತ್ತು ಗಾಡಿ ಒಂದೇನಾ?

ಗಾಡಿ ಇಷ್ಟವಾಯಿತು ಅಂತಿಟ್ಟುಕೊಳ್ಳಿ. ಇನ್ನು ಕಾಗದ. ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ನೋಂದಣಿ ಯಾವಾಗ ಮುಗಿಯುತ್ತದೆ, ಸಾಲದ ನಮೂದು ಇದೆಯಾ, ವಿಮೆ ಜೀವಂತ ಇದೆಯಾ ಕಾಣುತ್ತದೆ. ಬಾಕಿ ದಂಡವನ್ನೂ ಆನ್‌ಲೈನ್‌ನಲ್ಲಿ ನೋಡಿಬಿಡಿ. ಆರ್‌ಸಿಯಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಗಾಡಿಯ ಮೇಲಿರುವುದರೊಂದಿಗೆ ಒಂದೊಂದೇ ಅಕ್ಷರ ತಾಳೆ ನೋಡಿ. ಇಂಧನ ಡೀಸೆಲ್ ಅಂತಿದೆಯಾ ಪೆಟ್ರೋಲ್ ಅಂತಿದೆಯಾ, ಸೀಟು ಎಷ್ಟು, ಬಾಡಿ ತೆರೆದದ್ದೋ ಮುಚ್ಚಿದ್ದೋ, ಇವೂ ಹೊಂದಬೇಕು. ಹಳೇ ಜೀಪಿಗೆ ಬೇರೆ ಎಂಜಿನ್ ಕೂರಿಸಿ ಆರ್‌ಟಿಒದಲ್ಲಿ ನಮೂದಿಸದೆ ಬಿಟ್ಟದ್ದು ಬಹಳ ಇದೆ. ಮಾಲೀಕರಿಗೆ ಅದರಲ್ಲಿ ತಪ್ಪೇ ಕಾಣುವುದಿಲ್ಲ, ‘ಎಲ್ಲರೂ ಹಾಗೇ ಓಡಿಸ್ತಾರೆ’ ಅಂತಾರೆ. ಅಪಘಾತ ಆದ ದಿನ ವಿಮೆ ಕಂಪನಿ ಹಾಗನ್ನುವುದಿಲ್ಲ.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ, ಗಾಡಿ ತೋರಿಸಿ ಪಾಸು ಮಾಡಿಸಬೇಕು. ಕಾರು, ಜೀಪುಗಳಿಗೆ ಈ ನವೀಕರಣ ಶುಲ್ಕ ಮೊದಲು 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಯಿತು. 20 ವರ್ಷ ದಾಟಿದ ಗಾಡಿಗೆ 2025ರಲ್ಲಿ 10,000 ರೂಪಾಯಿಗೆ ಏರಿತು. ತೆರಿಗೆ, ಏಜೆಂಟರ ಖರ್ಚು, ಪಾಸಾಗಲು ಮಾಡಿಸಬೇಕಾದ ಕೆಲಸ ಬೇರೆ. ‘ಎಫ್‌ಸಿ ನೀವೇ ಮಾಡಿಸ್ಕೊಳ್ಳಿ, ಅದಕ್ಕೇ ಇಷ್ಟು ಕಡಿಮೆ’ ಅನ್ನುವ ಜೀಪು ನಿಜಕ್ಕೂ ಕಡಿಮೆ ಬೆಲೆಯದ್ದಾ ಅಂತ ಲೆಕ್ಕ ಹಾಕಿಯೇ ಮುಂದುವರಿಯಿರಿ.

ಕೆಎ 12 ಬಿಟ್ಟು ಬೇರೆ ನಂಬರ್ ಆದರೆ ಇನ್ನಷ್ಟು ಕೆಲಸ. ಕುಟ್ಟ, ಮಾಕುಟ್ಟ ದಾಟಿದರೆ ಕೇರಳ. ಅಲ್ಲಿಂದ ಕೆಎಲ್ ನಂಬರಿನ ಜೀಪುಗಳು ಸಲೀಸಾಗಿ ಬರುತ್ತವೆ. ದೆಹಲಿಯದ್ದು ಇನ್ನೊಂದು ಕಥೆ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸುವಂತಿಲ್ಲ ಎಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶ ಕೊಟ್ಟ ಮೇಲೆ ದೊಡ್ಡ ದೊಡ್ಡ ಡೀಸೆಲ್ ಗಾಡಿಗಳು ಕಡಿಮೆ ಬೆಲೆಗೆ ದಕ್ಷಿಣದ ಕಡೆ ಬಂದವು. ಗಾಡಿ ಚೆನ್ನಾಗಿರಬಹುದು, ದಕ್ಷಿಣದ ಮಳೆಯ ತುಕ್ಕೂ ಇರುವುದಿಲ್ಲ. ಆದರೆ ಮೂಲ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ಈ ತೆರಿಗೆ ನೀವು ಕೊಟ್ಟ ಬೆಲೆಯ ಮೇಲಲ್ಲ, ಗಾಡಿಯ ಮೂಲ ಬೆಲೆ ಮತ್ತು ವಯಸ್ಸಿನ ಮೇಲೆ. ಲಕ್ಷಗಟ್ಟಲೆ ಬೆಲೆಯ ಗಾಡಿಗೆ ಅದೇ ದೊಡ್ಡ ಮೊತ್ತ. ಹೊರ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಇಲ್ಲಿನ ನಂಬರ್ ಪಡೆಯಲೇಬೇಕು. ಮಡಿಕೇರಿ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿ ನಕಲು ತೋರಿಸಿ ತೆರಿಗೆ ಎಷ್ಟಾಗುತ್ತದೆ ಅಂತ ಕೇಳಿಕೊಂಡೇ ಅಡ್ವಾನ್ಸ್ ಕೊಡಿ. ಹಳದಿ ಬೋರ್ಡಿನ ಗಾಡಿಯನ್ನು ಬಿಳಿ ಬೋರ್ಡ್ ಮಾಡಿಸುವುದಾದರೂ ಇದೇ ಮಾತು.

ಆನ್‌ಲೈನ್‌ನಲ್ಲಿ ಕಾಣುವ ಹರಿಯಾಣದ ಮಂಡಿ ಡಬ್ವಾಲಿಯ ಹೊಳೆಯುವ ಜೀಪುಗಳ ಬಗ್ಗೆ ಕೇಳುವವರು ಬಹಳ. ದಪ್ಪ ಟೈರು, ವಿಲ್ಲೀಸ್ ಮುಖ, ಕೇಳಿದ ಬಣ್ಣ. ಹಳೇ ಗಾಡಿಯ ಆರ್‌ಸಿಗೆ ಹೊಸ ಬಾಡಿ ಕಟ್ಟಿ ಕೊಡುವ ಕೆಲಸ ಅದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಮುಂದೆ ಹಾಕುವ ಕಬ್ಬಿಣದ ಬುಲ್ ಬಾರ್ ಕೂಡ 2017ರ ಡಿಸೆಂಬರ್‌ನ ಕೇಂದ್ರದ ಸುತ್ತೋಲೆಯಂತೆ ನಿಷಿದ್ಧ. ಸೇನೆಯ ಹರಾಜಿನಲ್ಲಿ ಬಂದ ಜಿಪ್ಸಿಯಾದರೆ ಹರಾಜಿನ ಮೂಲ ಕಾಗದ, ಬಿಡುಗಡೆ ಪತ್ರ, ಆಮೇಲಿನ ನೋಂದಣಿ ಮೂರೂ ಇರಬೇಕು. ಒಂದು ಇಲ್ಲದಿದ್ದರೂ ಅದು ತೋಟದ ಗೇಟಿನೊಳಗೆ ಓಡಿಸುವ ಗಾಡಿ, ಅಷ್ಟೇ.

ಮಾರುವವರಿಗೂ ಒಂದು ಮಾತು

ಕೊಡಗಿನಲ್ಲಿ ಅರ್ಧ ವ್ಯಾಪಾರ ಪರಿಚಯದ ಮೇಲೇ ನಡೆಯುವುದು. ‘ನಮ್ಮವರೇ ಅಲ್ವಾ, ಟ್ರಾನ್ಸ್‌ಫರ್ ನಿಧಾನ ಮಾಡಿಸ್ಕೊಳ್ಳಲಿ’ ಅಂತ ಕೀ ಕೊಟ್ಟು ಕಳಿಸುತ್ತಾರೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣ ಇಂಥದ್ದೇ. ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿದ್ದ ಗಾಡಿ ಅಪಘಾತ ಮಾಡಿತು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದ್ದೇ ಎಂದು ಕೋರ್ಟ್ ಹೇಳಿತು. ಗಾಡಿ ಮಾರಿ ವರ್ಷಗಳಾಗಿತ್ತು ಅನ್ನುವುದು ನೆರವಿಗೆ ಬರಲಿಲ್ಲ. ಫಾರ್ಮ್ 29, ಫಾರ್ಮ್ 30 ಎರಡಕ್ಕೂ ಇಬ್ಬರೂ ಸೇರಿ ಸಹಿ ಹಾಕಿ, ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಫಾರ್ಮ್ 35 ಕೊಟ್ಟು ತೆಗೆಸಬೇಕು.

ವಿಮೆಯೂ 14 ದಿನದೊಳಗೆ ಹೊಸಬರ ಹೆಸರಿಗೆ ಬರಬೇಕು. ಇಲ್ಲದಿದ್ದರೆ ನಿಮ್ಮ ಗಾಡಿಗೆ ಆದ ಹಾನಿಗೆ ಹಣ ಸಿಗುವುದು ಕಷ್ಟ. ನೋ ಕ್ಲೇಮ್ ಬೋನಸ್ ಗಾಡಿಯದ್ದಲ್ಲ, ಮಾರಿದವರದ್ದು. ಅದು ಅವರೊಟ್ಟಿಗೆ ಹೋಗುತ್ತದೆ. ನೀರು ದಾಟಿಸುವ ಆಸೆ ಇದ್ದವರು ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ತೆಗೆದುಕೊಳ್ಳಿ. ನೀರು ಹೊಕ್ಕ ಎಂಜಿನ್ನನ್ನು ಸ್ಟಾರ್ಟ್ ಮಾಡಿ ಹಾಳಾದರೆ ಸಾದಾ ಪಾಲಿಸಿ ಕೊಡುವುದಿಲ್ಲ.

ಅಡ್ವಾನ್ಸ್ ಕೊಡುವಾಗ ಒಂದು ಹಾಳೆಯಲ್ಲಿ ಗಾಡಿ ನಂಬರ್, ಚಾಸಿ ನಂಬರ್, ಒಪ್ಪಿದ ಬೆಲೆ, ಎನ್‌ಒಸಿ ಅಥವಾ ಟ್ರಾನ್ಸ್‌ಫರ್ ಆಗದಿದ್ದರೆ ಹಣ ವಾಪಸ್ ಅನ್ನುವ ಸಾಲು, ದಿನಾಂಕ, ಗಂಟೆ ಬರೆದು ಇಬ್ಬರೂ ಸಹಿ ಹಾಕಿ. ಗಂಟೆ ಯಾಕೆ ಅಂದರೆ ಆ ದಿನ ಬೆಳಗ್ಗೆ ಯಾರ ಕೈಯಲ್ಲಿ ಗಾಡಿ ಇತ್ತು ಅನ್ನುವುದು ಪೊಲೀಸ್ ಠಾಣೆಯಲ್ಲಿ ಮೊದಲು ಕೇಳುವ ಪ್ರಶ್ನೆ. ಹಣ ಬ್ಯಾಂಕ್ ಖಾತೆಗೇ ಹಾಕಿ, ನಗದು ಬೇಡ. ಸ್ವಲ್ಪವಾದರೂ ಬಾಕಿ ಉಳಿಸಿಕೊಂಡು, ಆರ್‌ಸಿಯಲ್ಲಿ ನಿಮ್ಮ ಹೆಸರು ಬಂದ ದಿನ ಅದನ್ನು ಕೊಡಿ.